ಗಿಡ ನೋಡ್ಲಾಕ ಬೆಂಗಳೂರಿಗೆ

ನಮ್ಮ ಬಸವಕಲ್ಯಾಣದಲ್ಲಿ ಯಾರಾದರೂ ಬ್ಯಾಗು ಹಿಡಿದು ರಾತ್ರಿ ಬಸ್ಸಿಗೆ ನಿಂತರೆ ಓಣಿಯವರು ಕೇಳುವ ಮೊದಲ ಮಾತು ಒಂದೇ. “ಯಾರಿಗೇನಾಗ್ಯಾದ?” ಸೊಲ್ಲಾಪುರ ಇರಲಿ, ಹೈದರಾಬಾದ್ ಇರಲಿ, ಬೆಂಗಳೂರು ಇರಲಿ, ನಮ್ಮ ಕಡೆಯವರಿಗೆ ದೊಡ್ಡ ಊರು ಅಂದರೆ ದವಾಖಾನಿ. ನಮ್ಮವ್ವ ಅರವತ್ತು ವರ್ಷ ತುಂಬುವವರೆಗೆ ಬೆಂಗಳೂರು ನೋಡಿದ್ದು ಎರಡೇ ಸಲ. ಎರಡೂ ಸಲ ಅಪ್ಪನ ಎದೆ ತೋರಿಸಲು. ನಾನು ಇಲ್ಲಿ ಕೆಲಸಕ್ಕೆ ಸೇರಿ ಇಷ್ಟು ವರ್ಷವಾದರೂ ಆಕೆಗೆ ತೋರಿಸಿದ ಬೆಂಗಳೂರು ಅಂದರೆ ಓಪಿಡಿ ಸಾಲು, ಲ್ಯಾಬು, ಮೆಡಿಕಲ್ ಶಾಪು, ಆಮೇಲೆ ನನ್ನ ಬಾಡಿಗೆ ಮನೆಯ ಬಾಲ್ಕನಿ.

ಹಾಗಾಗಿ 2024ರ ಜನವರಿಯಲ್ಲಿ ಫೋನಿನಲ್ಲಿ ಆ ಸುದ್ದಿ ಕಂಡಾಗ ನನಗೆ ಭಾಳ ಖುಷಿಯಾಯಿತು. ಲಾಲ್‌ಬಾಗಿನಲ್ಲಿ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನ. ಆ ವರ್ಷದ ವಿಷಯ ಬಸವಣ್ಣ ಮತ್ತು ವಚನ ಸಾಹಿತ್ಯ. ಗಾಜಿನ ಮನೆಯೊಳಗೆ ಹೂವಿನಲ್ಲಿ ಅನುಭವ ಮಂಟಪ! ಕಲ್ಯಾಣದವರಾದ ನಾವು ನೋಡದೆ ಇನ್ಯಾರು ನೋಡಬೇಕು? ತಕ್ಷಣ ಅವ್ವನಿಗೆ ಫೋನ್ ಹಚ್ಚಿದೆ.

“ಹೂವಿನ ಮಂಟಪಾನಾ?” ಅಂದಳು. “ನಮ್ಮೂರಾಗ ಕಲ್ಲಿಂದೇ ಕಟ್ಲಿಕತ್ತಾರ. ಅದು ಯಾವಾಗ ಮುಗೀತದ ಅಂತ ನಾವು ಕಾಯಾಕತ್ತೀವಿ.” ಆಕೆ ಹೇಳಿದ್ದು ತ್ರಿಪುರಾಂತ ಕೆರೆಯ ಕಡೆ ಏಳುತ್ತಿರುವ ಹೊಸ ಅನುಭವ ಮಂಟಪದ ಮಾತು. 2021ರ ಜನವರಿ 6ರಂದು ಅದಕ್ಕೆ ಅಡಿಗಲ್ಲು ಹಾಕಿದ್ದರು. ಮಾತು ಹಾಗಿದ್ದರೂ ದನಿಯಲ್ಲಿ ಆಸೆ ಇತ್ತು. ಹುಮನಾಬಾದಿನ ಚಿಗವ್ವನನ್ನೂ ಕರೆದೆ. “ವೀರಭದ್ರೇಶ್ವರ ಜಾತ್ರಿ ತಿಂಗಳದಾಗ ಮನಿ ಬಿಟ್ಟು ಹ್ಯಾಂಗ ಬರ್ಲಿ?” ಅಂತ ಆಕೆ ಉಳಿದುಬಿಟ್ಟಳು. ಅವ್ವ, ಅಪ್ಪ ಹೊರಟರು.

ಇನ್ನು ಪ್ಲಾನ್ ನನ್ನದು. ಸಾಫ್ಟ್‌ವೇರ್‌ನವಳ ಪ್ಲಾನ್ ಅಂದಮೇಲೆ ಎಕ್ಸೆಲ್ ಶೀಟ್ ಇರಲೇಬೇಕಲ್ಲ. ನೋಡುವ ಜಾಗ ಹದಿನಾಲ್ಕು, ಪ್ರತಿಯೊಂದಕ್ಕೂ ನಿಮಿಷದ ಲೆಕ್ಕ. ಗಾಜಿನ ಮನೆ, ಕೆರೆ, ಬಂಡೆಯ ಮೇಲಿನ ಕೆಂಪೇಗೌಡ ಗೋಪುರ, ದೊಡ್ಡ ಬೂರುಗದ ಮರ, ಹೂವಿನ ಗಡಿಯಾರ. ಅಲ್ಲಿಂದ ಚಿಕ್ಕಪೇಟೆ, ಸೀರೆ. 25ರ ಸಂಜೆ ಅವರು ಬಸ್ ಹತ್ತುವುದು, 26ರ ಬೆಳಿಗ್ಗೆ ಇಳಿಯುವುದು, ಮನೆಯಲ್ಲಿ ಸ್ನಾನ, ನಾಷ್ಟಾ, ಹನ್ನೊಂದಕ್ಕೆ ಲಾಲ್‌ಬಾಗ್. ಬಣ್ಣ ಹಚ್ಚಿದ ಆ ಶೀಟನ್ನು ಆಫೀಸಿನ ಗೆಳತಿಗೆ ತೋರಿಸಿ ಶಹಬ್ಬಾಸ್ ಅನ್ನಿಸಿಕೊಂಡಿದ್ದೆ ಬೇರೆ.

ಜನವರಿ 26 ಆ ವರ್ಷ ಶುಕ್ರವಾರ ಬಂದಿತ್ತು. ಅಂದರೆ ಸಾಲಾಗಿ ಮೂರು ದಿನ ರಜೆ. ರಜೆ ಇರುವುದಕ್ಕೇ ನಾನು ಆ ದಿನ ಆರಿಸಿದ್ದು. ಬೆಂಗಳೂರಿನ ಉಳಿದವರಿಗೂ ಅವತ್ತು ರಜೆಯೇ ಇರುತ್ತದೆ ಅನ್ನುವುದು ನನ್ನ ಶೀಟಿನಲ್ಲಿ ಎಲ್ಲೂ ಇರಲಿಲ್ಲ. ಟಿಕೆಟ್ ಸಾಲಿನಲ್ಲೇ ಮುಕ್ಕಾಲು ತಾಸು ಹೋಯಿತು. ಒಳಗೆ ಹೋದ ಮೇಲೆ ಗಾಜಿನ ಮನೆಯ ಕಡೆ ಇನ್ನೊಂದು ಸಾಲು. ಅರ್ಧ ದಾರಿಯಲ್ಲಿ ಅವ್ವ ನನ್ನ ರಟ್ಟೆ ಹಿಡಿದಳು. ಮುಖವೆಲ್ಲ ಬೆವರು, ತುಟಿ ಒಣಗಿತ್ತು. “ಕಣ್ಣಿಗೆ ಕತ್ಲಿ ಬಂದಂಗ ಆಗ್ಲಿಕತ್ಯದವ್ವಾ” ಅಂದಳು.

ಹೇಗೋ ಜನರ ನಡುವಿಂದ ಹೊರಗೆ ಕರೆತಂದು ಒಂದು ಮರದ ಕೆಳಗಿನ ಬೆಂಚಿನ ಮೇಲೆ ಕೂಡಿಸಿದೆವು. ನೀರು ಕೊಟ್ಟೆ. ಒಂದೇ ಉಸಿರಿಗೆ ಅರ್ಧ ಬಾಟಲಿ ಖಾಲಿ. ಆಗ ಕೇಳಿದೆ, “ನೀರು ಯಾವಾಗ ಕುಡ್ದೀದಿ?”

“ನಿನ್ನಿ ಮಧ್ಯಾಹ್ನ.”

“ಯಾಕವ್ವಾ?”

“ಬಸ್ಸಿನಾಗ ಎಲ್ಲಿ ಇಳೀಲಿ? ನಿಂದ್ರಸ್ತಾರ ಖರೆ, ಕತ್ಲಾಗ ಗಂಡಸರಿಗಿ ನಡೀತದ. ನಾ ಎಲ್ಲಿಗಿ ಹೋಗ್ಲಿ?” ಬೆಳಿಗ್ಗೆ ಮನೆಗೆ ಬಂದ ಮೇಲೂ ಎರಡು ಗುಟುಕು ಚಹಾ ಬಿಟ್ಟರೆ ಏನೂ ಕುಡಿದಿರಲಿಲ್ಲ. ತೋಟದಲ್ಲಿ ಹ್ಯಾಂಗಿರ್ತದೋ ಏನೋ ಅಂತ.

ಇದನ್ನು ಓದುತ್ತಿರುವ ಹೆಣ್ಣುಮಕ್ಕಳಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಅವ್ವಂದಿರು, ಅತ್ತೆಯಂದಿರು ಪ್ರವಾಸ ಅಂದಕೂಡಲೇ ಮೊದಲು ಮಾಡುವ ತಯಾರಿ ನೀರು ಬಿಡುವುದು. ನನಗೂ ಗೊತ್ತಿತ್ತು. ಕಾಲೇಜಿಗೆ ಬಸ್ಸಿನಲ್ಲಿ ಓಡಾಡುವಾಗ ನಾನೂ ಅದನ್ನೇ ಮಾಡಿದವಳು. ಆದರೂ ನನ್ನ ಹದಿನಾಲ್ಕು ಸಾಲಿನ ಶೀಟಿನಲ್ಲಿ ಹೂವಿನ ಗಡಿಯಾರಕ್ಕೆ ಹತ್ತು ನಿಮಿಷ ಇತ್ತು, ಅವ್ವನ ನೀರಿಗೆ ಒಂದು ಸಾಲೂ ಇರಲಿಲ್ಲ.

ಹೂವಿನ ಅನುಭವ ಮಂಟಪವನ್ನು ನಾವು ನೋಡಲೇ ಇಲ್ಲ. ಅಪ್ಪ ಒಬ್ಬರೇ ಹೋಗಿ ಫೋಟೊ ಹೊಡೆದುಕೊಂಡು ಬಂದರು. ಅವ್ವ ಮಾತ್ರ ಆ ಬೆಂಚು ಬಿಟ್ಟು ಏಳಲಿಲ್ಲ. ಎರಡು ತಾಸು ಕೂತಳು. ಮೊದಲ ಅರ್ಧ ತಾಸು ಕಣ್ಣು ಮುಚ್ಚಿ, ಆಮೇಲೆ ತಲೆ ಎತ್ತಿ.

“ಇದು ಹುಣಸಿ ಎಲಿ ಹಂಗ ಅದ. ಹುಣಸಿ ಅಲ್ಲ.”

ಕಾಂಡಕ್ಕೆ ಹಚ್ಚಿದ್ದ ಫಲಕ ನೋಡಿ ಹೇಳಿದೆ, ಮಳೆ ಮರ. ಮೂಲ ಅಮೆರಿಕ ಖಂಡದ್ದು. ಸಂಜೆಯಾದರೆ, ಮೋಡ ಕವಿದರೆ ಎಲೆ ಮುಚ್ಚಿಕೊಳ್ಳುತ್ತದೆ. ನಾಲ್ಕನೇ ಇಯತ್ತೆವರೆಗೆ ಓದಿದ ಅವ್ವ ಎದ್ದು ಹೋಗಿ ಆ ಫಲಕವನ್ನು ಬೆರಳಿನಿಂದ ಮುಟ್ಟಿ ಬಂದಳು. “ಒಂದೊಂದು ಗಿಡಕ್ಕೂ ಹೆಸರ ಬರ್ದಾರ ನೋಡು” ಅಂದಳು. ಆಕೆಗೆ ಆ ತೋಟದಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಅದೇ. ಹೊಲದಲ್ಲಿ ಆಕೆಯೂ ಎಲ್ಲ ಗಿಡಗಳನ್ನು ಹೆಸರಿನಿಂದಲೇ ಬಲ್ಲವಳು. ಯಾರೂ ಬರೆದಿಟ್ಟಿರಲಿಲ್ಲ, ಅಷ್ಟೇ.

ಸಸ್ಯೋದ್ಯಾನಕ್ಕೂ ಸುಮ್ಮನೆ ಪಾರ್ಕಿಗೂ ಇರುವ ಫರಕು ಇದೇ ತಾನೆ? ಪಾರ್ಕಿನಲ್ಲಿ ನೆರಳಿಗೆ, ಚಂದಕ್ಕೆ ಗಿಡ ನೆಡುತ್ತಾರೆ. ಸಸ್ಯೋದ್ಯಾನದಲ್ಲಿ ಎಲ್ಲೆಲ್ಲಿಂದಲೋ ಗಿಡ ತಂದು, ಹೆಸರಿಟ್ಟು, ನಮ್ಮ ಮಣ್ಣಿಗೆ ಒಗ್ಗುತ್ತದೆಯೇ ಅಂತ ಬೆಳೆಸಿ ನೋಡುತ್ತಾರೆ. 1760ರಲ್ಲಿ ಹೈದರಾಲಿ ಶುರು ಮಾಡಿದ ತೋಟವನ್ನು ಟಿಪ್ಪು ಬೆಳೆಸಿದ. 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಯಿತು. ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು 1889ರಲ್ಲಿ. ಈಗ ತೋಟದ ವಿಸ್ತಾರ 240 ಎಕರೆ. ಇಲ್ಲಿ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮರಾನ್ ತರಿಸಿ ಬೆಳೆಸಿದ ತರಕಾರಿಗಳಲ್ಲಿ ಸೀಮೆಬದನೆಯೂ ಒಂದು. ನಾನು ಸಾಂಬಾರಿಗೆ ಹಾಕಿದಾಗೆಲ್ಲ “ಇದೇನಿದು, ನೀರ ತಿಂದಂಗ” ಅಂತ ಅವ್ವ ಬದಿಗೆ ಸರಿಸುತ್ತಿದ್ದಳಲ್ಲ, ಅದೇ.

ಅವತ್ತು ಬೆಂಚಿನ ಮೇಲೆ ಇನ್ನೊಂದು ಮಾತು ಹೇಳಿದೆ. ಹುಣಸೆಯೂ ನಮ್ಮದಲ್ಲ, ಬಹಳ ಹಿಂದೆ ಆಫ್ರಿಕಾದಿಂದ ಬಂದದ್ದು. ನಮ್ಮ ಬೀದರ್ ಜಿಲ್ಲೆಯ ಕಲ್ಲುನೆಲದಲ್ಲೆಲ್ಲ ಬೆಳೆಯುವ ಸೀತಾಫಲವೂ ಅಮೆರಿಕ ಕಡೆಯದು. ಅವ್ವ ನಂಬಲಿಲ್ಲ. ಒಂದು ಗಳಿಗೆ ಬಿಟ್ಟು ಅಂದಳು, “ಹಂಗಾದ್ರ ಎಲ್ಲಾ ಎಲ್ಲಿಂದೋ ಬಂದು ಬೇರು ಬಿಟ್ಟಾವ. ನಿನ್ನಂಗ.” ನಾನು ಏನೂ ಅನ್ನಲಿಲ್ಲ.

ಅವರು ಊರಿಗೆ ಹೋಗಿ ವಾರವಾದ ಮೇಲೆ ಚಿಗವ್ವ ಹುಮನಾಬಾದಿನಿಂದ ಫೋನ್ ಮಾಡಿದಳು. “ನಿಮ್ಮವ್ವ ನಿನಗೇನೂ ಹೇಳಿಲ್ಲ. ಬಂದ ಮ್ಯಾಲ ನಾಕ್ ದಿನ ಮಣಕಾಲು ಬಾತು ಎದ್ದಿಲ್ಲ.” ಹೌದು, ಆಕೆ ಹೇಳಿರಲಿಲ್ಲ. ನಾನು ಕೇಳಿದಾಗೆಲ್ಲ “ಆರಾಮ ಇದೀನಿ” ಅಂದಿದ್ದಳು.

ಈಗ ಮತ್ತೆ ಲಾಲ್‌ಬಾಗಿಗೆ ಹೊರಟಿದ್ದೇವೆ. ಈ ಸಲ ಕೇಳಿದ್ದು ಆಕೆಯೇ. ಎರಡೂ ಮಣಕಾಲಿನ ಚಿಪ್ಪು ಬದಲಿಸಬೇಕು ಅಂತ ಡಾಕ್ಟರು ಹೇಳಿದ್ದಾರೆ. ಮೊದಲು ಒಂದು ಕಾಲು, ಆಮೇಲೆ ಇನ್ನೊಂದು. ಯುಗಾದಿ ಆದ ಮೇಲೆ ಮಾಡಿಸೋಣ ಅಂತ ಮನೆಯಲ್ಲಿ ಮಾತಾಗಿದೆ. ಆಕೆಗೆ ಹೆದರಿಕೆ ಇದೆ, ಬಾಯಿಬಿಟ್ಟು ಹೇಳುವುದಿಲ್ಲ. “ಅದಕ್ಕಿಂತ ಮೊದಲ ನನ್ನ ಕಾಲಿಲೇ ನಡದು ಆ ಗಿಡದ ಬುಡಕ ಒಮ್ಮಿ ಕೂಡಬೇಕು” ಅಂದಳು. ಅವ್ವ ನನ್ನ ಹತ್ತಿರ ಇದು ಬೇಕು ಅಂತ ಬಾಯಿಬಿಟ್ಟು ಕೇಳಿದ್ದು ನನಗೆ ನೆನಪಿರುವ ಹಾಗೆ ಇದೇ ಮೊದಲು. ಹಾಗಾಗಿ ಈ ಪ್ಲಾನ್ ತಪ್ಪಬಾರದು. ಹಿಂದಿನ ಶೀಟನ್ನು ಡಿಲೀಟ್ ಮಾಡಿ ಹೊಸದಾಗಿ ಕೂತು ಬರೆದಿದ್ದೇನೆ. ವಯಸ್ಸಾದವರನ್ನು ಕರೆದುಕೊಂಡು ಹೋಗುವ ಯಾರಿಗಾದರೂ ಉಪಯೋಗಕ್ಕೆ ಬಂದೀತು ಅಂತ ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಮೊದಲನೆಯದು, ಯಾವಾಗ? ಫಲಪುಷ್ಪ ಪ್ರದರ್ಶನ ವರ್ಷಕ್ಕೆ ಎರಡು ಸಲ, ಗಣರಾಜ್ಯೋತ್ಸವಕ್ಕೆ ಮತ್ತು ಸ್ವಾತಂತ್ರ್ಯ ದಿನಕ್ಕೆ. ಗಟ್ಟಿ ಕಾಲಿನವರು ಖಂಡಿತ ಹೋಗಿ, ವಾರದ ನಡುವೆ, ಬೆಳಿಗ್ಗೆ ಬೇಗ. ಮಣಕಾಲು ನೋವಿನವರಿದ್ದರೆ ಪ್ರದರ್ಶನ ಮುಗಿದ ಮೇಲೆ ಹೋಗುವುದೇ ವಾಸಿ. ನಾವು ಆರಿಸಿದ್ದು ಫೆಬ್ರವರಿಯ ಒಂದು ಬುಧವಾರ. ಅಪ್ಪನ ಲೆಕ್ಕದಲ್ಲಿ ಅದು ತೊಗರಿ ರಾಶಿ ಮುಗಿದು ಬಿಳಿಜೋಳದ ಕಟಾವು ಶುರುವಾಗುವ ಮುಂಚಿನ ಬಿಡುವು. ಚಿಗವ್ವನ ಜಾತ್ರೆಯೂ ಮುಗಿದಿರುತ್ತದೆ, ಆಕೆಯೂ ಬರುತ್ತಾಳೆ. ಬೆಂಗಳೂರಿನಲ್ಲಿ ಆಗ ಬಿಸಿಲು ಇನ್ನೂ ಹದ. ಟಬೂಬಿಯಾ, ಜಕರಂಡಾ ಹೂಬಿಡುವ ಹೊತ್ತು. ವರ್ಷವಿಡೀ ಊರಲ್ಲಿ ಒಂದಲ್ಲ ಒಂದು ಮರ ಹೂವಾಗಿರಬೇಕು ಅಂತ ಯೋಚಿಸಿ ಗಿಡ ನೆಡಿಸಿದವರು ಜರ್ಮನಿಯಿಂದ ಬಂದ ಕ್ರುಂಬಿಗಲ್. ಲಾಲ್‌ಬಾಗ್ ಪಕ್ಕದ ಒಂದು ರಸ್ತೆಗೆ ಅವರದೇ ಹೆಸರು. ಪ್ರದರ್ಶನಕ್ಕೆ ಹೋಗದಿದ್ದರೂ ಹೂವು ತಪ್ಪುವುದಿಲ್ಲ.

ಎರಡನೆಯದು, ಹೇಗೆ? ಈ ಸಲ ಬಸ್ ಬೇಡ, ರೈಲು. ನಮ್ಮೂರಿನಿಂದ ಬೆಂಗಳೂರು 600 ಕಿ.ಮೀ.ಗೂ ಹೆಚ್ಚು. ಬೀದರ್–ಕಲಬುರಗಿ ಮಾರ್ಗ 2017ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಮೇಲೆ ಹುಮನಾಬಾದಿಗೂ ರೈಲು ಬಂದಿದೆ. ನಾವು ಕಲಬುರಗಿಯವರೆಗೆ ಬಸ್ಸಿನಲ್ಲಿ ಹೋಗಿ ಅಲ್ಲಿಂದ ರಾತ್ರಿಯ ರೈಲು ಹಿಡಿಯುವುದು ಅಂತ ಮಾಡಿದ್ದೇವೆ. ಕಲಬುರಗಿ ಬಸ್ಸಿಗೆ ಶಕ್ತಿ ಯೋಜನೆಯಲ್ಲಿ ಅವ್ವನಿಗೆ, ಚಿಗವ್ವನಿಗೆ ಟಿಕೆಟ್ ಪುಕ್ಕಟೆ. ಅಪ್ಪ ಒಬ್ಬರೇ ರೊಕ್ಕ ಕೊಡಬೇಕು ಅಂತ ಇಬ್ಬರೂ ಈಗಲೇ ನಗುತ್ತಿದ್ದಾರೆ. ರೈಲು ಯಾಕೆ ಅಂದರೆ ಬೋಗಿಯೊಳಗೇ ಶೌಚಾಲಯ ಇರುತ್ತದೆ. ಬೇಕಾದಾಗ ಏಳಬಹುದು, ಕಾಲು ಚಾಚಿ ಮಲಗಬಹುದು, ನೀರು ಕುಡಿಯಬಹುದು. ಟಿಕೆಟ್ ಮಾಡುವಾಗ ‘ಲೋವರ್ ಬರ್ತ್ / ಹಿರಿಯ ನಾಗರಿಕ’ ಕೋಟಾ ಆರಿಸಿ. ಗಂಡಸರಿಗೆ 60, ಹೆಂಗಸರಿಗೆ 45 ತುಂಬಿದ್ದರೆ ಸಿಗುತ್ತದೆ. ಒಂದೇ ಷರತ್ತು, ಆ ಟಿಕೆಟ್‌ನಲ್ಲಿ ಒಬ್ಬರು ಅಥವಾ ಇಬ್ಬರೇ ಇರಬೇಕು. ಬಹಳ ಜನ ಮಾಡುವ ತಪ್ಪು ಎಲ್ಲರನ್ನೂ ಒಂದೇ ಟಿಕೆಟ್‌ಗೆ ಸೇರಿಸುವುದು. ಮಕ್ಕಳು, ಮೊಮ್ಮಕ್ಕಳು ಸೇರಿದರೆ ಕೋಟಾ ಸಿಗದು, ಅಜ್ಜಿಗೆ ಮೇಲಿನ ಬರ್ತ್ ಬಂದರೂ ಬಂದೀತು. ನಾನು ಅವ್ವ-ಅಪ್ಪನಿಗೆ ಒಂದು, ಚಿಗವ್ವನಿಗೆ ಒಂದು ಅಂತ ಬೇರೆ ಬೇರೆ ಮಾಡಿದೆ. ಬುಕಿಂಗ್ ತೆರೆಯುವುದು 60 ದಿನ ಮುಂಚೆ. ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಂಡಿದ್ದೆ.

ಮೂರನೆಯದು, ಬಂದಿಳಿದ ದಿನ ಎಲ್ಲೂ ಇಲ್ಲ. ಸ್ನಾನ, ಊಟ, ನಿದ್ದೆ, ಸಂಜೆ ಬಾಲ್ಕನಿ. ತೋಟ ಮರುದಿನ. ಈ ಒಂದು ಸಾಲಿಗಾಗಿ ನಾನು ಎರಡು ದಿನ ರಜೆ ಹಾಕಿದ್ದೇನೆ.

ನಾಲ್ಕನೆಯದು, ಏನೇನು ನೋಡುವುದು? ಹದಿನಾಲ್ಕು ಹೋಗಿ ಮೂರಕ್ಕೆ ಬಂದಿದೆ. ಆ ಮಳೆ ಮರ, ಖಾಲಿ ಗಾಜಿನ ಮನೆ, ಕೆರೆಯ ದಂಡೆ. ಇನ್ನೂ ಕಾಲು ನಡೆದರೆ ಬೂರುಗದ ಮರ. ಬಂಡೆಯನ್ನು ಕೆಳಗಿನಿಂದ ನೋಡುವುದು, ಹತ್ತುವುದು ಬೇಡ. ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು ಅಂತ ಅಪ್ಪನಿಗೆ ಹೇಳಿದೆ. “ಅದು ಎಲ್ಲೂ ಹೋಗಂಗಿಲ್ಲ ಬಿಡು, ಆಪರೇಷನ್ ಆದ ಮ್ಯಾಲ ಹತ್ತೋಣು” ಅಂದರು.

ಐದನೆಯದು ನನ್ನ ಕೆಲಸದಿಂದ ಕಲಿತದ್ದು. ಟೆಸ್ಟಿಂಗ್ ಮಾಡದೆ ಯಾವುದನ್ನೂ ಬಿಡುಗಡೆ ಮಾಡಬಾರದು. ಹೋದ ವಾರ ಒಂದು ಬೆಳಿಗ್ಗೆ ನಾನೊಬ್ಬಳೇ ಹೋಗಿ ಅವ್ವನ ನಡಿಗೆಯಲ್ಲಿ ನಡೆದು ನೋಡಿದೆ. ಹಸಿರು ಮೆಟ್ರೊದಲ್ಲಿ ಮೆಜೆಸ್ಟಿಕ್ ಆದ ಮೇಲೆ ಚಿಕ್ಕಪೇಟೆ, ಕೆ.ಆರ್. ಮಾರ್ಕೆಟ್, ನ್ಯಾಷನಲ್ ಕಾಲೇಜು, ಅದರ ಮುಂದಿನದು ಲಾಲ್‌ಬಾಗ್. ಲಿಫ್ಟಿನಲ್ಲಿ ಇಳಿದರೆ ಪಶ್ಚಿಮ ಗೇಟು ಹತ್ತಿರ. ಅಲ್ಲಿಂದ ಗಾಜಿನ ಮನೆಯವರೆಗೆ ನಡುವೆ ಎರಡು ಕಡೆ ಕೂತು ನಿಧಾನ ನಡೆದರೆ ಇಪ್ಪತ್ತು ನಿಮಿಷ ಹಿಡಿಯಿತು. ಶೌಚಾಲಯ ಎಲ್ಲೆಲ್ಲಿದೆ, ಬೆಂಚು ಎಲ್ಲೆಲ್ಲಿದೆ, ಯಾವ ದಾರಿಯಲ್ಲಿ ಏರು ಕಡಿಮೆ ಅಂತ ಗುರುತು ಮಾಡಿಕೊಂಡೆ. ಪಕ್ಕದಲ್ಲಿ ವಾಕಿಂಗ್ ಮಾಡುತ್ತಿದ್ದವರು ನನ್ನನ್ನು ವಿಚಿತ್ರವಾಗಿ ನೋಡಿದ್ದೂ ಹೌದು. ದೂರದ ಊರಿನಿಂದ ಬರುವವರು ಹೀಗೆ ಮುಂಚೆ ಹೋಗಿ ನೋಡಲು ಆಗುವುದಿಲ್ಲ. ಬೆಂಗಳೂರಿನಲ್ಲಿ ನೆಂಟರೋ ಗೆಳೆಯರೋ ಇದ್ದರೆ ಇಷ್ಟನ್ನು ಅವರ ಹತ್ತಿರ ಕೇಳಿಸಿಕೊಳ್ಳಿ. ಟಿಕೆಟ್ ದರ, ಸಮಯ ಬದಲಾಗುತ್ತಿರುತ್ತವೆ, ಹೊರಡುವ ಮುನ್ನ ನೋಡಿಕೊಳ್ಳಿ. ಒಳಗೆ ಓಡಾಡಲು ಬ್ಯಾಟರಿ ಗಾಡಿ ಇದೆ. ಅದರ ಬಗ್ಗೆ ಅವ್ವನ ಜೊತೆ ದೊಡ್ಡ ಜಗಳವೇ ಆಯಿತು. “ನಡೀಲಾಕ ಬರ್ಲಿಕತ್ತೀನಿ, ಗಾಡ್ಯಾಗ ಕೂಡ್ಲಾಕ ಅಲ್ಲ” ಅಂದಳು. ಕೊನೆಗೆ ಒಪ್ಪಂದ ಆಗಿದ್ದು ಇಷ್ಟು: ಹೋಗುವಾಗ ನಡಿಗೆ, ಬರುವಾಗ ಗಾಡಿ.

ಕೈಚೀಲದಲ್ಲಿ ಸ್ಟೀಲ್ ಬಾಟಲಿಯಲ್ಲಿ ನೀರು, ಉಪ್ಪು-ಸಕ್ಕರೆ, ಆಕೆಯ ಗುಳಿಗೆ, ತಲೆಗೆ ಟೋಪಿ ಬದಲು ಸೆರಗೇ ಸಾಕು ಅಂದಿದ್ದಾಳೆ. ಪ್ಲಾಸ್ಟಿಕ್ ಚೀಲ ಒಯ್ಯಬೇಡಿ.

ಬೆಂಗಳೂರಿನ ದೂರ ಆಗದು ಅನ್ನುವ ನಮ್ಮ ಕಡೆಯವರಿಗೆ ಇನ್ನೊಂದು ದಾರಿ ಇದೆ. ಹುಮನಾಬಾದಿನಿಂದ ಹೈದರಾಬಾದ್ 150 ಕಿ.ಮೀ. ಆಸುಪಾಸು, ಹೆದ್ದಾರಿ 65ರಲ್ಲಿ ಜಹೀರಾಬಾದ್ ದಾಟಿ ಹೋಗುವುದು. ಅಲ್ಲಿ ಕೊಂಡಾಪುರದ ಹತ್ತಿರ ಕೊತ್ತಗುಡದಲ್ಲಿ ದೊಡ್ಡ ಸಸ್ಯೋದ್ಯಾನ ಇದೆ. ಊರಿನ ನಡುವಿನ ಟ್ರಾಫಿಕ್ಕಿಗೆ ಸಿಗುವ ಮುಂಚೆಯೇ ಬರುವ ಜಾಗ. ಹೈದರಾಬಾದಿಗೆ ದವಾಖಾನಿ ಕೆಲಸಕ್ಕೆ ಹೋದವರು ರಿಪೋರ್ಟ್ ಬರುವವರೆಗೆ ಆಸ್ಪತ್ರೆಯ ಕುರ್ಚಿಯಲ್ಲೇ ಕೂರುವ ಬದಲು, ಜೊತೆಗೆ ಬಂದವರನ್ನಾದರೂ ಒಂದು ತಾಸು ಅಲ್ಲಿಗೆ ಕಳಿಸಬಹುದು. ಚಿಗವ್ವನ ಮಗ ಈಗ ಅದನ್ನೇ ಯೋಚಿಸುತ್ತಿದ್ದಾನೆ.

ಹೊಸ ಶೀಟನ್ನು ಫೋನಿನಲ್ಲಿ ಅವ್ವನಿಗೆ ಓದಿ ಹೇಳಿದೆ. ಪೂರಾ ಕೇಳಿದಳು. ಹಿಂದಿನ ಸಲ ನಾನು ಓದಿ ಹೇಳಿರಲೂ ಇಲ್ಲ, ವಾಟ್ಸಾಪಿನಲ್ಲಿ ಅಪ್ಪನಿಗೆ ಕಳಿಸಿ ಸುಮ್ಮನಾಗಿದ್ದೆ.

“ಎಲ್ಲಾ ಛಲೋ ಅದ. ಒಂದು ಬಿಟ್ಟೀದಿ” ಅಂದಳು.

“ಏನು?”

“ಸುಮ್ಮ ಕೂಡೂದು. ಎರಡು ತಾಸು ಬರ್ಕೋ.”

ಬರೆದುಕೊಂಡೆ. ಈಗ ದಿನಾ ಬೆಳಿಗ್ಗೆ ಮನೆಯಿಂದ ಪರುಷ ಕಟ್ಟೆಯವರೆಗೆ ನಡೆದು ಬರುತ್ತಾಳಂತೆ, ಅಭ್ಯಾಸ ಆಗಲಿ ಅಂತ. ದಾರಿಯಲ್ಲಿ ಯಾರೋ ಸುದ್ದಿ ಕೇಳಿ, ಬೆಂಗಳೂರಿಗೆ ಹೊಂಟೀರಂತಲ್ಲ, ಯಾರಿಗೇನಾಗ್ಯಾದ ಅಂದರಂತೆ.

“ನೀ ಏನಂದಿ?”

“ಯಾರಿಗೂ ಏನೂ ಆಗಿಲ್ಲ, ಗಿಡ ನೋಡ್ಲಾಕ ಹೊಂಟೀವಿ ಅಂದೆ. ಅವರು ನಂಬ್ಲಿಲ್ಲ.”

ಹೋಗಿ ಬಂದ ಮೇಲೆ ಹ್ಯಾಂಗಾಯಿತು ಅಂತ ಬರೀತೀನಿ.